ಶುಕ್ರವಾರ ಚಿವುಟಿದ ಹೂ

ಸೌತ್ ಸ್ಯಾನ್ ಫ್ರಾನ್ಸಿಸ್ಕೋ
ಅಕ್ಟೋಬರ್ 13, 2024, ಭಾನುವಾರ

ನನ್ನ ಪುಟ್ಟಿ ನಿಹಾರಿಕಾಗೆ,

ಅಮ್ಮನ ಪ್ರೀತಿಯೂ ಆಶೀರ್ವಾದವೂ. ನೀನು, ತರುಣ್ ಇಬ್ಬರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿಮ್ಮ ಡ್ಯಾನ್‌ವಿಲ್‌ನಲ್ಲಿ ಇನ್ನೂ ಬಿಸಿಲು ಸುಡುತ್ತಿರಬೇಕು, ಇಲ್ಲಿ ನಾನು ಸ್ವೆಟರ್ ಹಾಕಿಕೊಂಡು ಬರೆಯುತ್ತಿದ್ದೇನೆ. ಒಂದು ಗಂಟೆ ಡ್ರೈವ್ ಮಾಡಿದರೆ ಸಿಗುವ ಮಗಳಿಗೆ ಕಾಗದ ಬರೆಯುವ ಅಮ್ಮನಿಗೆ ತಲೆ ಕೆಟ್ಟಿದೆ ಎಂದು ನೀನು ನಗುತ್ತೀಯ. ನಗು.

ನಿನ್ನ ಮೆಸೇಜಿಗೆ ಮೂರು ವಾರದಿಂದ ಉತ್ತರ ಕೊಡಲಿಲ್ಲ, ತಪ್ಪಾಯಿತು. "ಅಮ್ಮಾ, ಅಪ್ಪನ ವರ್ಷಾಬ್ದಿಕದ ದಿನ ಊಟ ಆದ್ಮೇಲೆ ಎಲ್ಲರಿಗೂ ಐ ವಿಲ್ ಟೆಲ್ ದ ತುಳಸಿ ಸ್ಟೋರಿ, ಓಕೆ?" ಎಂದು ಕೇಳಿದ್ದೆ. ಒಂದು ಹೆಬ್ಬೆರಳಿನ ಚಿತ್ರ ಒತ್ತಿದ್ದರೆ ಮುಗಿದುಹೋಗುತ್ತಿತ್ತು. ಒತ್ತಲು ಆಗಲಿಲ್ಲ. ಬೇಡ ಪುಟ್ಟಿ, ಆ ಕಥೆ ಹೇಳಬೇಡ. ಇಷ್ಟು ಹೇಳುವುದಕ್ಕೇ ಈ ಕಾಗದ.

ಕನ್ನಡದಲ್ಲಿ ಬರೆಯುತ್ತಿರುವುದೂ ಬೇಕೆಂದೇ. ಇಂಗ್ಲಿಷಿನಲ್ಲಾದರೆ ಮೀಟಿಂಗಿನ ಮಧ್ಯೆ ಕಣ್ಣಾಡಿಸಿ ಬದಿಗಿಡುತ್ತೀಯ. ಕನ್ನಡವನ್ನು ನೀನು ಈಗಲೂ ಫ್ರೀಮಾಂಟಿನ ಭಾನುವಾರದ ಕ್ಲಾಸಿನಲ್ಲಿ ಓದುತ್ತಿದ್ದ ಹಾಗೆಯೇ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತೀಯ. ಇದನ್ನು ಹಾಗೆಯೇ ಓದು. ತರುಣ್ ಕೈಗೆ ಕೊಟ್ಟು ಓದಿಸಬೇಡ.

ಮೊದಲು ಮನೆಯ ಸುದ್ದಿ. ಮೊನ್ನೆ ಮಹಾನವಮಿ ಶುಕ್ರವಾರ ಬಂತು. ಶುಕ್ರವಾರ ತುಳಸಿ ಮುಟ್ಟಬಾರದಲ್ಲ, ಪೂಜೆಗೆ ಬೇಕಾದಷ್ಟನ್ನು ಗುರುವಾರವೇ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ನಿಮ್ಮಪ್ಪ ಇದ್ದಿದ್ದರೆ "ಮಂಗಳವಾರ ಯಾವುದು, ಶುಕ್ರವಾರ ಯಾವುದು ಅಂತ ಗಿಡಕ್ಕೆ ಗೊತ್ತಾಗತ್ತೇನೇ ಶೈಲಾ?" ಎಂದು ಪ್ರತಿ ವರ್ಷದಂತೆ ಕಾಡುತ್ತಿದ್ದರು. ಕಾಡುವವರಿಲ್ಲದೆ ಹಬ್ಬ ಬೇಗ ಮುಗಿಯಿತು.

ಇನ್ನೊಂದು ಸುದ್ದಿ ನಿನಗೆ ಗೊತ್ತಿಲ್ಲ. ಈ ವರ್ಷ ಹಿತ್ತಲಿನಲ್ಲಿ ನಾನೂ ಗಾಂಜಾ ಬೆಳೆದೆ. ಹೌದು, ನಿನ್ನ ಅಮ್ಮನೇ. ನಿಮ್ಮಪ್ಪ ಫ್ರಿಜ್ಜಿನಲ್ಲಿ ಸಾಸಿವೆ ಡಬ್ಬಿಯ ಹಿಂದೆ, ಲ್ಯಾಬಿನಿಂದ ತಂದ ಪುಟ್ಟ ಶೀಶೆಯೊಳಗೆ ಐದು ಬೀಜ ಉಳಿಸಿದ್ದರು. ಏಪ್ರಿಲ್‌ನಲ್ಲಿ ಫ್ರಿಜ್ ಒರೆಸುವಾಗ ಕೈಗೆ ಸಿಕ್ಕಿತು. ಎಸೆಯಲು ಕಸದ ಡಬ್ಬಿಯವರೆಗೆ ಹೋಗಿ ವಾಪಸ್ಸು ಬಂದೆ. ಪಕ್ಕದ ಮನೆಯ ಶಾಹಿದಾ ಬೇಲಿಯ ಮೇಲಿಂದ ಇಣುಕಿ, "ಶೈಲಕ್ಕಾ, ಅಣ್ಣಾರು ಹೋದ ಮ್ಯಾಲೆ ನೀವ ಚಾಲೂ ಮಾಡೀರೇನ್ರಿ? ಹುಬ್ಬಳ್ಳ್ಯಾಗ ನಮ್ಮಮ್ಮಗ ಹೇಳಿದ್ರ ನಂಬಂಗಿಲ್ಲ ಬಿಡ್ರಿ!" ಎಂದು ನಕ್ಕಳು. ಮನೆಗೆ ಆರು ಗಿಡದವರೆಗೆ ಇಲ್ಲಿ ಕಾನೂನು ಒಪ್ಪುತ್ತದೆ, ನನ್ನದು ನಾಲ್ಕೇ ಎಂದೆ. ಅವಳಿಗೆ ಕಾನೂನಿನ ಚಿಂತೆ ಇರಲಿಲ್ಲ. ನನ್ನ ಮುಖ ನೋಡಿ ಬೇಲಿಯಿಂದ ಸರಿದು ಒಳಗೆ ಹೋದಳು.

ಈ ಊರಿನ ಬೇಸಿಗೆ ನಿನಗೆ ಗೊತ್ತೇ ಇದೆ. ಜೂನ್, ಜುಲೈನಲ್ಲಿ ಸಮುದ್ರದ ಮಂಜು ಗುಡ್ಡ ಇಳಿದು ಬಂದು ನಮ್ಮ ಹಿತ್ತಲಿನಲ್ಲಿ ಕೂರುತ್ತದೆ. ಸೆಪ್ಟೆಂಬರಿನಲ್ಲಿ ಮೂರೋ ನಾಲ್ಕೋ ವಾರ ಬಿಸಿಲು ಕಂಡರೆ ಅದೇ ಬೇಸಿಗೆ. ಅದಕ್ಕೇ ನಿಮ್ಮಪ್ಪ ಬೇಗ ಹೂ ಕಟ್ಟಿ ಬೇಗ ಮಾಗುವ ತಳಿ ಹುಡುಕಿದ್ದು. ಏಪ್ರಿಲ್‌ನಲ್ಲಿ ಕಿಟಕಿಯ ಹತ್ತಿರ ಮೊಳಕೆ ಬರಿಸಬೇಕು, ಮೇ ಕೊನೆಗೆ ಹೊರಗಿಡಬೇಕು, ಆಗಸ್ಟಿನಲ್ಲಿ ಹೂ. ಮಂಜಿನ ನೀರು ಹೂವಿನೊಳಗೆ ನಿಂತರೆ ಒಂದೇ ರಾತ್ರಿಯಲ್ಲಿ ಬೂಷ್ಟು ಹಿಡಿಯುತ್ತದೆ. ಅವರು ದಿನಾ ಬೆಳಿಗ್ಗೆ ಕಾಫಿಗೂ ಮುಂಚೆ ಹೋಗಿ, ಒದ್ದೆ ಸೀರೆ ಕೊಡವುವ ಹಾಗೆ ಪ್ರತಿ ಗಿಡದ ಕಾಂಡ ಹಿಡಿದು ಮೆಲ್ಲಗೆ ಕೊಡವುತ್ತಿದ್ದರು. ಕೀಮೋ ಆದ ಮರುದಿನವೂ ಬಿಡುತ್ತಿರಲಿಲ್ಲ. ಒಂದು ಕೈಯಲ್ಲಿ ಬೇಲಿ, ಇನ್ನೊಂದು ಕೈಯಲ್ಲಿ ಗಿಡ.

ಅವರ ನೋಟ್‌ಬುಕ್ಕಿನಲ್ಲಿ ಹೋದ ವರ್ಷ ಬರೆದಿದ್ದಂತೆಯೇ ನಾನೂ ಮಾಡಿದೆ. ಲ್ಯಾಬಿನ ಮನುಷ್ಯ, ತಾರೀಖು ಹಾಕದೆ ಒಂದು ಸಾಲೂ ಬರೆದವರಲ್ಲ. ನಾನೊಂದು ನಿಯಮ ಇಟ್ಟುಕೊಂಡೆ. ಅವರ ತಾರೀಖು ಬಂದ ದಿನವೇ ಆ ಪುಟ ತಿರುವುವುದು, ಮುಂದಿನದನ್ನು ಇಣುಕಿ ನೋಡುವುದಿಲ್ಲ. ಹೀಗೆ ದಿನಕ್ಕೊಂದು ಸಾಲು ಅವರು ನನ್ನ ಜೊತೆ ಮಾತಾಡಿದರು. "ಇವತ್ತು ಗಾಳಿ ಜಾಸ್ತಿ, ಕೋಲು ಕಟ್ಟು." ಕಟ್ಟಿದೆ. "ಕೆಳಗಿನ ಎಲೆ ತೆಗೆ." ತೆಗೆದೆ. ಬದುಕಿದ್ದಾಗ ಅವರ ಮಾತು ಇಷ್ಟು ಕೇಳಿದ್ದರೆ!

ಈಗ ತುಳಸಿ ಕಥೆ. ಹೋದ ವರ್ಷ ಸೆಪ್ಟೆಂಬರಿನ ಆ ಶನಿವಾರ ನೀನು ಬಂದಾಗ ಅಪ್ಪ ಸೋಫಾದಲ್ಲಿ ಒರಗಿಕೊಂಡು ಶುರು ಮಾಡಿದರು. "ನಿಮ್ಮಮ್ಮನ ಪರಾಕ್ರಮ ಕೇಳು. ಮೂವತ್ತೆರಡು ವರ್ಷ ತುಳಸಿ ಕದಿರು ಚಿವುಟಿರೋ ಕೈ ಅದು. ಕದಿರು ಚಿವುಟಿದ್ರೆ ಗಿಡ ಪೊದೆಯಾಗತ್ತೆ ಅಂತ ಅವಳ ಶಾಸ್ತ್ರ. ನಿನ್ನೆ ಹಿತ್ತಲಿಗೆ ಹೋಗಿ ನನ್ನ ನಾಲ್ಕೂ ಗಿಡದ ಹೂವನ್ನ ಚಿವುಟಿ ಬೋಳಿಸಿ ಬಂದಿದ್ದಾಳೆ! ಕೊಯ್ಯೋಕೆ ಇನ್ನು ಹತ್ತು ದಿನ ಇತ್ತು ಅಷ್ಟೆ." ನೀನು ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಓ ಮೈ ಗಾಡ್ ಅಮ್ಮಾ, ಯು ತುಳಸೀಡ್ ಇಟ್!" ಎಂದೆ. ಆಮೇಲೆ ಅವರು ಅದನ್ನು ಡಾಕ್ಟರಿಗೆ ಹೇಳಿದರು, ನರ್ಸಿಗೆ ಹೇಳಿದರು, ಶಾಹಿದಾಗೆ ಹೇಳಿದರು. ಹೇಳಿದಷ್ಟೂ ಕಥೆಗೆ ರೆಕ್ಕೆಪುಕ್ಕ ಬಂತು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಾಚಿದವಳಂತೆ ಕೂತಿದ್ದೆ.

ಆದರೆ ಆಮೇಲಿನದನ್ನು ಯಾರೂ ಕಥೆ ಮಾಡಿ ಹೇಳಲಿಲ್ಲ. ಈ ಊರಿನ ಬಿಸಿಲು ಎರಡನೇ ಸಲ ಹೂ ಬಿಡಿಸುವಂಥದ್ದಲ್ಲ. ಕೀಮೋದ ವಾಂತಿ ತಡೆಯಲೆಂದು ಅಂಗಡಿಯ ಗಾಂಜಾವನ್ನು ನೀನೇ ತಂದುಕೊಟ್ಟೆ. ಎರಡು ಸಲ ತೆಗೆದುಕೊಂಡರು, ಎದೆ ಡವಡವ ಎಂದು ಮಂಚದ ಅಂಚು ಹಿಡಿದು ಕೂತರು. "ನಂಗೆ ಇಷ್ಟು ಜೋರಿನದು ಬೇಡ, ನನ್ನ ಗಿಡದ್ದು ಮೆತ್ತಗಿತ್ತು" ಎಂದು ಪಕ್ಕಕ್ಕಿಟ್ಟರು. ವಾಂತಿ ನಿಲ್ಲಿಸುವ ಮಾತ್ರೆಗಳು ಅವರಿಗೆ ಹಿಡಿಸಲಿಲ್ಲ. ಎಂಟು ವಾರ, ಪುಟ್ಟಿ. ಗಂಜಿ ನಿಲ್ಲಲಿಲ್ಲ, ತಿಳಿಸಾರು ನಿಲ್ಲಲಿಲ್ಲ. ನನಗೆ ಕೇಳಿಸಬಾರದೆಂದು ಬಾತ್‌ರೂಮಿನ ನಲ್ಲಿಯನ್ನು ಪೂರ್ತಿ ತಿರುಗಿಸಿ ವಾಂತಿ ಮಾಡುತ್ತಿದ್ದರು. ನಾನು ಹೊರಗೆ ಟವೆಲ್ ಹಿಡಿದು ನಿಂತಿರುತ್ತಿದ್ದೆ.

ಆ ನಲ್ಲಿ ಈಗಲೂ ಸುರಿಯುತ್ತದೆ. ಸಂಜೆ ಐದೂವರೆ, ಆರಕ್ಕೆ ಅಡಿಗೆಮನೆಯಲ್ಲಿದ್ದರೆ ಕೇಳಿಸುತ್ತದೆ. ಹೋಗಿ ನೋಡಿದರೆ ಸಿಂಕು ಒಣಗಿದೆ. ಪ್ಲಂಬರನ್ನು ಕರೆಸಿದೆ. ಅವನು ಗೋಡೆಗೆ ಕಿವಿಯಿಟ್ಟು ನೋಡಿ, ಪೈಪಿನಲ್ಲಿ ಏನೂ ಇಲ್ಲ ಎಂದ. ನನಗೆ ಹುಚ್ಚು ಎನ್ನಬೇಡ. ಹುಚ್ಚು ಅಂದರೆ ಏನೆಂದು ನಾನು ನೋಡಿದ್ದೇನೆ.

ಅದನ್ನೂ ಹೇಳಿಬಿಡುತ್ತೇನೆ. ನನ್ನ ತಮ್ಮ ಸುಘೋಷ್ ಕಾಮಾಲೆಯಾಗಿ ತೀರಿಕೊಂಡ ಎಂದು ನಿನಗೆ ಹೇಳಿದ್ದೇವೆ. ಸುಳ್ಳು. ಮೈಸೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಗಾಂಜಾ ಸೇದಲು ಕಲಿತ. ಅಡಿಗೆಮನೆಗೆ ಬಂದು ನನ್ನ ಹಿಂದೆ ನಿಂತು, "ಅಕ್ಕಾ, ಒಂದು ದೋಸೆ ಹುಯ್ಯೇ" ಎನ್ನುವಾಗ ಅವನ ಅಂಗಿಯಿಂದ ಆ ವಾಸನೆ ಬರುತ್ತಿತ್ತು. ನಾನು ಅಮ್ಮನಿಗೆ ಹೇಳಲಿಲ್ಲ. ಆಮೇಲೆ ಗೋಡೆಯೊಳಗಿಂದ ಯಾರೋ ಹೆಸರು ಹಿಡಿದು ಕರೆಯುತ್ತಾರೆ ಎನ್ನಲು ಶುರುಮಾಡಿದ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಚಪ್ಪಲಿ ಬಿಟ್ಟು ಮನೆಯಿಂದ ಹೊರಟವನು ಮತ್ತೆ ಬರಲಿಲ್ಲ. ಕಾಯಿಲೆ ಅವನಲ್ಲಿ ಮೊದಲೇ ಇತ್ತು, ತಪ್ಪೆಲ್ಲ ಗಿಡದ್ದಲ್ಲ ಎಂದು ನಿಮ್ಮಪ್ಪ ನನಗೆ ನೂರು ಸಲ ಬಿಡಿಸಿ ಹೇಳಿದ್ದಾರೆ. ತಲೆಗೆ ಅರ್ಥವಾಗಿತ್ತು.

ಹೋದ ವರ್ಷ ಹೂ ಬಿಟ್ಟಾಗ ಅದೇ ವಾಸನೆ ಕಿಟಕಿಯಿಂದ ಒಳಗೆ ಬಂತು. ಒಲೆಯ ಮುಂದೆ ನಿಂತರೆ ಬೆನ್ನ ಹಿಂದೆ ಸುಘೋಷ್ ನಿಂತಿರುತ್ತಿದ್ದ. ಹಿಂತಿರುಗಿ ನೋಡಲು ಹೆದರಿ ಎಷ್ಟು ದೋಸೆ ಸೀಯಿಸಿದೆನೋ. ಈ ವರ್ಷವೂ ಬಂದ. ಒಂದು ವ್ಯತ್ಯಾಸವೆಂದರೆ ಈ ಸಲ ನಾನು ಕಿಟಕಿ ಮುಚ್ಚಲಿಲ್ಲ. ಅವನು ಬೆನ್ನ ಹಿಂದೆ, ಇವರು ಬಾತ್‌ರೂಮಿನಲ್ಲಿ, ಮಧ್ಯದಲ್ಲಿ ನಾನು ಸಾರು ಕುದಿಸುತ್ತೇನೆ.

ಹೂ ಮಾಗಿತು. ಅವರ ಭೂತಗನ್ನಡಿ ಹಿಡಿದು ದಿನಾ ನೋಡುತ್ತಿದ್ದೆ. ಹೂವಿನ ಮೇಲಿನ ಅಂಟಿನ ಹನಿಗಳು ಗಾಜಿನ ಹಾಗಿದ್ದದ್ದು ಹಾಲಿನ ಬಣ್ಣಕ್ಕೆ ತಿರುಗಿದ ಮೇಲೆ ಕೊಯ್ಯಬೇಕು. ತಿರುಗಿತು, ಕೊಯ್ದೆ, ಅವರ ಕೋಣೆಯ ಬೀರುವಿನಲ್ಲಿ ನೇತುಹಾಕಿ ಒಣಗಿಸಿ ಉಪ್ಪಿನಕಾಯಿಯ ಗಾಜಿನ ಜಾಡಿಗಳಿಗೆ ತುಂಬಿಟ್ಟೆ. ಒಂದು ಚುಕ್ಕೆ ಬೂಷ್ಟು ಇಲ್ಲ. ಅವರು ನೋಡಿದ್ದರೆ ಹೆಮ್ಮೆಪಡುತ್ತಿದ್ದರು. ಯಾರಿಗೆ ಬೆಳೆದೆ ಎಂದು ಮಾತ್ರ ಕೇಳಬೇಡ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಫ್ರೀವೇ ಮೇಲೆ ಫೋನಿನಲ್ಲಿ ಮಾತಾಡಬೇಡ. ನಿಮ್ಮಿಬ್ಬರ ಮನೆ ಯಾವಾಗಲೂ ನಗುನಗುತ್ತಾ ಇರಲಿ, ನೀನು ಇಟ್ಟ ಗಿಡವೆಲ್ಲ ಚಿಗುರಲಿ.

ನಿನ್ನ ಅಮ್ಮ
ಶೈಲಜಾ

ವಿ.ಸೂ.: ಇದು ಬರೆಯಲು ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರದೆ ಉಳಿದದ್ದು. ಪುಟ್ಟಿ, ನಾನು ಮರೆತು ಚಿವುಟಲಿಲ್ಲ. ಹೂವೇ ಔಷಧಿ ಎಂದು ಅವರು ನನ್ನ ಕೈಯಲ್ಲಿ ಭೂತಗನ್ನಡಿ ಕೊಟ್ಟು ತೋರಿಸಿದ್ದರು. ನನಗೆ ಎಲ್ಲ ಗೊತ್ತಿತ್ತು. ಅವರು ಮಧ್ಯಾಹ್ನ ಮಲಗಿದ್ದಾಗ ಹೋಗಿ ಒಂದೊಂದನ್ನೂ ಚಿವುಟಿ ಹಸಿರು ಕಸದ ಡಬ್ಬಿಯ ತಳಕ್ಕೆ ಹಾಕಿ, ಮೇಲೆ ಬಾಳೆಹಣ್ಣಿನ ಸಿಪ್ಪೆ ಮುಚ್ಚಿದೆ. ಅವರು ಎದ್ದು ಬಂದು ಕೇಳಿದಾಗ, ತುಳಸಿ ಚಿವುಟುವ ಹಾಗೆ ಚಿವುಟಿಬಿಟ್ಟೆ ಎಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಆಮೇಲೆ ಜೋರಾಗಿ ನಕ್ಕರು. ನಂಬಿದರು ಎಂದುಕೊಂಡೆ. ಆ ನಂಬಿಕೆಯ ಮೇಲೆಯೇ ಇಡೀ ಒಂದು ವರ್ಷ ಬದುಕಿದೆ.

ಈ ಸೆಪ್ಟೆಂಬರ್ ಎಂಟಕ್ಕೆ ನಿಯಮದಂತೆ, ಹೋದ ವರ್ಷ ನಾನು ಹೂ ಚಿವುಟಿದ ದಿನದ ಪುಟ ತಿರುವಿದೆ. ನೋಟ್‌ಬುಕ್ಕೆಲ್ಲ ಇಂಗ್ಲಿಷಿನಲ್ಲಿದ್ದರೂ ಅಲ್ಲಲ್ಲಿ ಗಿಡಕ್ಕೆ ಮಾಡಬೇಕಾದ್ದನ್ನು ನನಗೆಂದು ಕನ್ನಡದಲ್ಲಿ ಬರೆದಿದ್ದರು. ಆ ದಿನದ ಪುಟದಲ್ಲಿ ಇದ್ದದ್ದು ಒಂದೇ ಸಾಲು: "ಇವತ್ತು ಶುಕ್ರವಾರ. ಶುಕ್ರವಾರ ಶೈಲಾ ತುಳಸಿ ಮುಟ್ಟುವುದಿಲ್ಲ."

ಮರುದಿನದ ಪುಟದಲ್ಲಿ: "ನಿಹಾರಿಕಾಗೆ ತುಳಸಿ ಕಥೆ ಹೇಳಿದೆ. ನಂಬಿದಳು. ಇನ್ನು ಎಲ್ಲರಿಗೂ ಇದನ್ನೇ ಹೇಳಬೇಕು."