ಹನ್ನೊಂದು ಗಂಟೆಗೆ ಬರಬೇಕಿದ್ದ ಗಾಡಿ

೧೪ನೇ ತಾರೀಖು, ಗುರುವಾರ ಮಧ್ಯಾಹ್ನ

ಮಗಳೇ, ನನ್ನ ಕಣ್ಣೇ,

ಭಾನುವಾರ ಭಾನುವಾರ ಫೋನಿನಲ್ಲಿ ಮಾತಾಡುವವಳಿಗೆ ಕಾಗದ ಯಾಕೆ ಅನ್ನುತ್ತೀ, ಗೊತ್ತು. ಫೋನಿನಲ್ಲಿ ನಿಮ್ಮಪ್ಪನ ಮಾತೆತ್ತಿದರೆ ಸಾಕು, "ಅಮ್ಮಾ, ಒಲೆ ಮೇಲೆ ಹಾಲಿಟ್ಟಿದೀನಿ" ಅಂತ ಇಟ್ಟುಬಿಡುತ್ತೀ. ಇಪ್ಪತ್ತಮೂರು ವರ್ಷದಿಂದ ನಿನ್ನ ಮನೆಯಲ್ಲಿ ಅದೇ ಹಾಲು ಉಕ್ಕುತ್ತಿದೆ. ಕಾಗದದ ಹತ್ತಿರ ಆ ಆಟ ನಡೆಯುವುದಿಲ್ಲ. ಹೋದ ವಾರವೇ ಬರೆಯಬೇಕಿತ್ತು, ತಡವಾಯಿತು. ಮೂರು ಸಲ ಕೂತೆ, ಮೂರು ಸಲ ಎದ್ದೆ. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು ನಾನು, ಒತ್ತಕ್ಷರ ಬಂದ ಕಡೆಯೆಲ್ಲ ಪೆನ್ನು ಕುಂಟುತ್ತದೆ. ತಪ್ಪು ಕಂಡರೆ ನಗು, ಆದರೆ ಕೊನೆಯವರೆಗೂ ಓದು.

ನಿನ್ನ ಮಗಳು ಚೆನ್ನಾಗಿದ್ದಾಳೆ. "ಎರಡು ದಿನ ಇದ್ದು ಹೋಗ್ತೀನಿ ಅಜ್ಜಿ" ಅಂತ ಬಂದ ಗಿರಗಿಟ್ಲೆ ಮೂರು ವಾರವಾದರೂ ಜಾಗ ಬಿಟ್ಟಿಲ್ಲ. ಓದು ಮುಗಿದಿದೆ, ಕೆಲಸಕ್ಕೆ ಸೇರಲು ಇನ್ನೂ ತಿಂಗಳಿದೆ, ಕೂತಲ್ಲಿ ಕೂರುವ ಜೀವವಲ್ಲ. ಮೊದಲು ನನ್ನ ಹೊಲಿಗೆ ಯಂತ್ರ ಬಿಚ್ಚಿ ಎಣ್ಣೆ ಹಾಕಿದಳು. ಆಮೇಲೆ ಬಾಗಿಲ ಕೀಲುಗಳಿಗೆ ಹಾಕಿದಳು. ಇನ್ನು ನನ್ನ ಮಂಡಿಗೂ ಹಾಕುತ್ತಾಳೆ ಅಂದುಕೊಳ್ಳುವಷ್ಟರಲ್ಲಿ ಹಿಂದಿನ ಸಾಮಾನು ಕೋಣೆಗೆ ನುಗ್ಗಿದಳು. ಕಾಲು ಮುರಿದ ಕುರ್ಚಿ, ಹರಿದ ಕೊಡೆ, ನಿಮ್ಮಪ್ಪನ ಶಾಲೆಯ ಮಕ್ಕಳು ಬರೆದ ಚಿತ್ರಗಳ ಕಟ್ಟು, ಎಲ್ಲ ಹೊರಗೆ ಹಾಕಿದ ಮೇಲೆ ಗೋಡೆಗೆ ಒರಗಿಕೊಂಡು, ಮುಸುಕು ಹೊದ್ದು ಮಲಗಿದ ಹಸುವಿನ ಹಾಗೆ ಅದು ಇತ್ತು. ನಿಮ್ಮಪ್ಪನ ಮೋಟರ್ ಸೈಕಲ್.

ಮಾಡಿನ ಗಾಜಿನಿಂದ ಬೆಳಕಿನ ಒಂದು ಕೋಲು ಒಳಗೆ ಬಿದ್ದಿತ್ತು. ಅವಳು ಮುಸುಕು ಎಳೆದಾಗ ಎದ್ದ ಧೂಳು ಆ ಬೆಳಕಿನಲ್ಲಿ ಇಳಿಯಲೂ ಇಲ್ಲ, ಏಳಲೂ ಇಲ್ಲ, ಸುಮ್ಮನೆ ತೇಲಿತು. ಅಂಗೈಯಿಂದ ಟ್ಯಾಂಕು ಒರೆಸಿದಳು. ಅಂಗೈಯಗಲ ಆಕಾಶ ಮೂಡಿತು. ಮಳೆ ನಿಂತ ಮೇಲಿನ ಆಕಾಶದ ಬಣ್ಣ ಅಂತ ನಿಮ್ಮಪ್ಪ ತಾವೇ ಕಲಸಿ ಬಳಿದದ್ದು ನೆನಪಿದೆಯಾ? "ಅಂಗಡೀಲಿ ಸಿಗೋ ನೀಲಿ ಸುಳ್ಳು ನೀಲಿ ಕಣೇ" ಅನ್ನುತ್ತಿದ್ದರು. ಡ್ರಾಯಿಂಗ್ ಮೇಷ್ಟ್ರನ್ನು ಕಟ್ಟಿಕೊಂಡರೆ ನೀಲಿಯಲ್ಲೂ ಸತ್ಯ ಸುಳ್ಳು ನೋಡಬೇಕು.

"ಅಜ್ಜಿ, ಇದನ್ನ ರಿಪೇರಿ ಮಾಡಿಸಿ ಓಡಿಸ್ಕೊಂಡು ಅಮ್ಮನ ಹತ್ರ ಹೋಗ್ತೀನಿ" ಅಂದಳು.

"ನಿಮ್ಮಮ್ಮ ಗೇಟ್ ತೆಗೆಯಲ್ಲ" ಅಂದೆ.

ನನ್ನ ಮಾತು ನಂಬದೆ ನಿನಗೇ ಫೋನ್ ಮಾಡಿದಳು. ನೀನು ಹೇಳಿದ್ದು ನನಗೂ ಕೇಳಿಸಿತು. "ಆ ಸುಳ್ಳುಗಾರ ಗಾಡಿ ನಮ್ಮನೆ ಮುಂದೆ ನಿಲ್ಲೋದು ಬೇಡ. ತಂದ್ರೆ ನಾನು ಗೇಟ್ ತೆಗೆಯಲ್ಲ."

ಪಾಪ, ಅವಳಿಗೆ ಏನೂ ಗೊತ್ತಿಲ್ಲ. ನಾನೇ ಹೇಳಿದೆ. ನಿನ್ನ ಮದುವೆ ನನಗೆ ಇಷ್ಟವಿರಲಿಲ್ಲ, ನೀನು ಹಟ ಹಿಡಿದೆ, ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ಅಂತಾಯಿತು. "ಹನ್ನೊಂದು ಗಂಟೆಗೆ ನಾನು ಬರ್ತೀನಿ ಮಗಳೇ, ಸಾಕ್ಷಿಗೆ ನಾನೇ ಸೈನ್ ಹಾಕ್ತೀನಿ" ಅಂತ ನಿಮ್ಮಪ್ಪ ಮಾತು ಕೊಟ್ಟರು. ಹದಿನೈದು ವರ್ಷ ಒಂದು ದಿನವೂ ಕೈಕೊಡದ ಗಾಡಿ ಆ ದಿನ ಹೊರಡಲಿಲ್ಲ. ನಿಮ್ಮಪ್ಪ ಹಿಮ್ಮಡಿ ಊದುವ ತನಕ ಒದ್ದರು, ಆಮೇಲೆ ಬಸ್ಸು ಹಿಡಿದು ಎರಡು ಕಡೆ ಬದಲಾಯಿಸಿ ಅಲ್ಲಿಗೆ ತಲುಪುವಾಗ ಮೂರು ಗಂಟೆ. ನೀನು ಮೆಟ್ಟಿಲ ಮೇಲೆ ಕಾದೂ ಕಾದೂ, ಎದುರಿನ ಟೀ ಅಂಗಡಿಯವನಿಂದ ಸೈನ್ ಹಾಕಿಸಿಕೊಂಡು ಹೊರಟುಹೋಗಿದ್ದೆ. "ಸರಿಯಾಗಿ ಅವತ್ತೇ ಕೆಡ್ತಾ ಗಾಡಿ? ಅಮ್ಮಂಗೆ ಹೆದರ್ಕೊಂಡು ಬರಲಿಲ್ಲ ಅನ್ನಿ ಅಪ್ಪಾ" ಅಂತ ಮಾರನೇ ದಿನ ಫೋನಿನಲ್ಲಿ ನೀನು ಅಂದೆ. ಆಮೇಲೆ ಅವರು ಬದುಕಿದ್ದ ಹನ್ನೆರಡು ವರ್ಷ ಅವರ ಉದ್ದುದ್ದ ಕಾಗದಗಳಿಗೆ ನಿನ್ನದು ಎರಡು ಸಾಲು. ಹೋಗಿ ಹನ್ನೊಂದು ವರ್ಷವಾದರೂ ನಿನ್ನ ಬಾಯಲ್ಲಿ ಅವರು ಸುಳ್ಳುಗಾರರೇ.

ಕೇಳಿಸಿಕೊಂಡ ಗಿರಗಿಟ್ಲೆ ಟ್ಯಾಂಕಿನ ಮೇಲೆ ಉಳಿದ ಧೂಳನ್ನೂ ಒರೆಸಿದಳು. "ಹಂಗಾದ್ರೆ ರಿಪೇರಿ ಮಾಡಿಸ್ಲೇಬೇಕು. ಅವತ್ತು ಏನಾಗಿತ್ತು ಅಂತ ಗೊತ್ತಾಗುತ್ತಲ್ಲ" ಅಂದಳು. ಬೇಡ ಅನ್ನಬೇಕು ಅಂತಿದ್ದವಳು ಹೊಲಿಗೆ ದುಡ್ಡಿನ ಡಬ್ಬಿ ತಂದು ಅವಳ ಮುಂದಿಟ್ಟೆ.

ಮೂಲೆ ಗ್ಯಾರೇಜಿನವನನ್ನು ಕರೆದು ತಂದಳು. ಅರವತ್ತು ದಾಟಿದ ಆಳು, ಉಗುರಿನ ಸಂದಿಯ ಕಪ್ಪು ಹುಟ್ಟುವಾಗಲೇ ಬಂದ ಹಾಗಿದೆ. ಗ್ರೀಸಪ್ಪ ಅಂತ ಹೆಸರಿಟ್ಟೆ, ಬೇಜಾರು ಮಾಡಿಕೊಳ್ಳಲಿಲ್ಲ. ಬಂದವನು ಮೊದಲು ಗಾಡಿಯನ್ನು ಮುಟ್ಟಲೇ ಇಲ್ಲ, ಸುತ್ತ ಮೂರು ಸಲ ನಡೆದ. ಟ್ಯಾಂಕಿನ ಮುಚ್ಚಳ ತಿರುಗಿಸಿ ಮೂಸಿ ಮುಖ ಕಿವುಚಿದ. ಟೈರು ಹಿಸುಕಿದರೆ ಬೆರಳು ಹಿಡಿಸುವಷ್ಟು ಬಿರುಕು. ಚೈನು ಬಿಚ್ಚಿ ಎತ್ತಿದರೆ ಜೋತುಬೀಳದೆ ಕೋಲಿನ ಹಾಗೆ ನೆಟ್ಟಗೆ ನಿಂತಿತು. ಕಿಕ್ಕರಿಗೆ ಕಾಲು ಹಾಕಲಿಲ್ಲ, ಅಂಗೈಯಲ್ಲಿ ಮೆಲ್ಲಗೆ ಒತ್ತಿದ. ಕದಲಲಿಲ್ಲ.

"ಪಿಸ್ಟನ್ ಕಚ್ಕೊಂಡಿದೆ ಅಜ್ಜಿ."

"ಹಂಗಂದ್ರೆ? ಸತ್ತಿದೆಯೋ ಬದುಕಿದೆಯೋ, ಅಷ್ಟು ಹೇಳು."

"ಮುನಿಸ್ಕೊಂಡಿದೆ ಅನ್ಕೊಳಿ. ಪ್ಲಗ್ ತೆಗೆದು ಎಣ್ಣೆ ಬಿಡ್ತೀನಿ. ನಾಲ್ಕು ದಿನ ಯಾರೂ ಮುಟ್ಟಬೇಡಿ. ಬಲವಂತ ಮಾಡಿದ್ರೆ ಮುರಿಯುತ್ತೆ."

"ಈ ಔಷಧಿ ನನ್ನ ಮಗಳಿಗೂ ಸ್ವಲ್ಪ ಕೊಡಪ್ಪ" ಅಂದೆ. ಸಿಟ್ಟಾಗಬೇಡ, ನಿನ್ನ ಮಗಳೂ ನಕ್ಕಳು.

ಆ ನಾಲ್ಕು ದಿನವೂ ಊಟವಾದ ಮೇಲೆ ಕುರ್ಚಿ ಎಳೆದುಕೊಂಡು ಅದರ ಪಕ್ಕ ಕೂತೆ. ಅಷ್ಟು ನಿಶ್ಶಬ್ದದಲ್ಲಿ ಎಣ್ಣೆ ಒಳಗೆ ಇಳಿಯುವುದು ಕೇಳಿಸುತ್ತದೆ ಅನ್ನಿಸುತ್ತಿತ್ತು. ಹಾಗೇ ಕಣ್ಣು ಎಳೆಯುತ್ತಿತ್ತು. ಕಣ್ಣು ಮುಚ್ಚಿದರೆ ಏಳು ವರ್ಷದ ನೀನು ಟ್ಯಾಂಕಿನ ಮೇಲೆ ಕೂತಿದ್ದೀಯ, ನಾನು ಹೊಲಿದ ಹಳದಿ ಫ್ರಾಕು, ಅದರ ತುಂಬ ಬಿಳಿ ಚುಕ್ಕಿ. ಗಾಳಿ ತುಂಬಿ ಫ್ರಾಕು ಬುಗ್ಗೆಯಾಗಿದೆ, ನೀನು ಈಗ ಹಾರುತ್ತೀ ಇನ್ನು ಹಾರುತ್ತೀ ಅಂತ ಹಿಂದೆ ಕೂತ ನನಗೆ ಜೀವ ಕೈಯಲ್ಲಿ. ನಿಮ್ಮಪ್ಪ ದಾರಿಯಲ್ಲಿ ಗಾಡಿ ನಿಲ್ಲಿಸಿ ಮೋಡ ನೋಡುತ್ತಿದ್ದಾರೆ. "ಮೋಡ ನೋಡೋಕೆ ಇಷ್ಟು ದೂರ ಪೆಟ್ರೋಲ್ ಸುಡಬೇಕಾ? ನಮ್ಮನೆ ಮೇಲೆ ಇರೋದೇನು ಹೊಗೆನಾ?" ಅಂತ ನಾನು. "ಅಲ್ಲಿರೋದು ಹೋಗೋ ಮೋಡ ಕಣೇ, ಇದು ಬರೋ ಮೋಡ" ಅಂತ ಅವರು. ಎಚ್ಚರವಾದರೆ ನೀಲಿ ಟ್ಯಾಂಕಿನ ಮೇಲೆ ಗಾಜಿನ ಬೆಳಕು ಒಂದು ಗೇಣು ಸರಿದಿರುತ್ತಿತ್ತು.

ಐದನೇ ದಿನ ಗ್ರೀಸಪ್ಪ ಒತ್ತಿದ. ಯಾರೋ ಬಹಳ ದಿನ ಹಿಡಿದಿಟ್ಟ ಉಸಿರು ಬಿಟ್ಟ ಹಾಗೆ ಕಿಕ್ಕರು ಕೆಳಗಿಳಿಯಿತು. ಆಮೇಲೆ ಸಡಗರವೇ ಸಡಗರ. ಟ್ಯಾಂಕಿನೊಳಗೆ ಹಿಡಿ ನಟ್ಟು ಹಾಕಿ ಅಜ್ಜಿ ಮೊಮ್ಮಗಳು ಗಿಲಕಿಯ ಹಾಗೆ ಕುಲುಕಿ ತುಕ್ಕು ಉದುರಿಸಿದೆವು. ಕಾರ್ಬೊರೇಟರಿನಲ್ಲಿ ಹಳೇ ಪೆಟ್ರೋಲು ಅಂಟಿನ ಹಾಗೆ ಗಟ್ಟಿಯಾಗಿತ್ತು, ಅವಳು ನನ್ನ ಹೊಲಿಗೆ ಸೂಜಿ ತೆಗೆದುಕೊಂಡು ಒಂದೊಂದು ತೂತು ಬಿಡಿಸಿದಳು. ಹೊಸ ಚೈನು, ಹೊಸ ಟೈರು, ಹೊಸ ಕ್ಲಚ್ ವೈರು. ಬಣ್ಣ ಮಾತ್ರ ಮುಟ್ಟಬೇಡ ಅಂದೆ.

ಗ್ರೀಸಪ್ಪ ಕಿಕ್ಕರು ಒದ್ದ. ಹತ್ತಿಕೊಂಡಿತು, ಎರಡು ಸಲ ಕೆಮ್ಮಿತು, ನಿಂತಿತು. ಮತ್ತೆ ಒದ್ದರೂ ಅಷ್ಟೇ. ಗ್ರೀಸಪ್ಪ ಸೈಲೆನ್ಸರಿನ ಬಾಯಿಗೆ ಕೈ ಹಿಡಿದು ನೋಡಿ, "ಉಸಿರು ಒಳಗೆ ಹೋಗ್ತಾ ಇದೆ, ಹೊರಗೆ ಬರ್ತಾ ಇಲ್ಲ" ಅಂದ. ಅದನ್ನು ಕಳಚಿ, ಕೊಕ್ಕೆ ಮಾಡಿದ ತಂತಿ ಹಾಕಿ ಎಳೆದ. ಕಾಗದದ ಚೂರು ಬಂತು, ಹುಲ್ಲು ಬಂತು, ಹಿಕ್ಕೆ ಬಂತು. ಕೊನೆಗೆ, ಬಹಳ ಒಳಗಿಂದ, ಕಲ್ಲಿನ ಹಾಗೆ ಕಪ್ಪಾದ ಬಟ್ಟೆಯ ಉಂಡೆ. ಪೆಟ್ರೋಲಿನಲ್ಲಿ ಅದ್ದಿ ಬಿಡಿಸಿದ. ಹಳದಿ ಬಂತು. ಬಿಳಿ ಚುಕ್ಕಿ ಬಂತು.

"ಇಲಿ ಕೆಲಸ" ಅಂದೆ ನಾನು, ಯಾರೂ ಕೇಳುವ ಮುಂಚೆ.

ಗ್ರೀಸಪ್ಪ ಬಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಸವರಿದ. "ಹೌದಜ್ಜಿ, ಇಲಿನೇ. ಬಲು ಅಚ್ಚುಕಟ್ಟಾದ ಇಲಿ" ಅಂದ.

ಅರ್ಥವಾಯಿತಾ ಮಗಳೇ? ಅವತ್ತು ಆಗಿದ್ದು ಇದೇ. ದರಿದ್ರ ಇಲಿಯೊಂದು ನನ್ನ ಹೊಲಿಗೆ ಬುಟ್ಟಿಯಿಂದ ನಿನ್ನ ಹಳೇ ಫ್ರಾಕಿನ ಚೂರು ಕದ್ದು ಅಲ್ಲಿ ಗೂಡು ಮಾಡಿಬಿಟ್ಟಿದೆ. ಅದರ ವಂಶ ಹಾಳಾಗ! ನಿಮ್ಮಪ್ಪ ಒಂದಕ್ಷರ ಸುಳ್ಳು ಹೇಳಿರಲಿಲ್ಲ. ಪ್ಲಗ್ ಒರೆಸುವುದು ಬಿಟ್ಟರೆ ಆ ಮನುಷ್ಯನಿಗೆ ಯಂತ್ರದ ಗಂಧ ಗಾಳಿ ಗೊತ್ತಿರಲಿಲ್ಲ, ಎಲ್ಲಿಂದ ಕಂಡುಹಿಡಿಯಬೇಕು? ಇಷ್ಟು ತಿಳಿದ ಮೇಲೂ ಗೇಟು ತೆಗೆಯುವುದಿಲ್ಲ ಅಂದರೆ ನೀನು ನನ್ನ ಮಗಳಲ್ಲ, ಆ ಚೈನಿನ ಮಗಳು.

ಬಟ್ಟೆ ತೆಗೆದ ಮೇಲೆ ಒಂದೇ ಒದೆಗೆ ಹತ್ತಿಕೊಂಡಿತು. ಡುಗು ಡುಗು ಡುಗು. ನಿನಗೆ ಆ ಸದ್ದು ಮರೆತಿರಲಾರದು. ನಿಮ್ಮಪ್ಪ ತಿರುವಿನಲ್ಲಿ ಬರುವಾಗಲೇ ನೀನು ಬಾಗಿಲಿಗೆ ಓಡುತ್ತಿದ್ದೆ. ನನ್ನ ಕೈ ತಾನಾಗಿಯೇ ಟೀಗೆ ನೀರಿಡಲು ಹೊರಟಿತ್ತು.

ನಿನ್ನ ಮಗಳು ನನ್ನನ್ನು ಹಿಂದೆ ಕೂರಿಸಿಕೊಂಡು ಬೀದಿ ಸುತ್ತಿಸಿದಳು. ಮಧ್ಯಾಹ್ನದ ಬೀದಿ, ಅಂಗಡಿಗಳ ಬಾಗಿಲು ಅರ್ಧ ಇಳಿದಿತ್ತು. ಕ್ಷೌರದಂಗಡಿಯ ಕನ್ನಡಿಯಲ್ಲಿ ಒಂದು ನೀಲಿ ಹಾಯಿತು, ಅದರ ಮೇಲೆ ಯಾರೋ ಮುದುಕಿ. ಗೋಡೆ, ಮರ, ಒಣಹಾಕಿದ ಬಟ್ಟೆ ಎಲ್ಲ ನಿದ್ದೆಯಲ್ಲಿ ನಡೆದ ಹಾಗೆ ಪಕ್ಕದಲ್ಲಿ ಹೋದವು. ಅವಳ ಬೆನ್ನಿಗೆ ಕೆನ್ನೆ ಇಟ್ಟೆ. ಒಂದು ಗಳಿಗೆ ಅದು ಯಾರ ಬೆನ್ನು ಅನ್ನುವುದು ಮರೆತೆ. ನೆನಪು ಮಾಡಿಕೊಳ್ಳಲೂ ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಅದರಲ್ಲೇ ಹೊರಡುತ್ತಾಳೆ. ಸರಿಯಾಗಿ ಹನ್ನೊಂದಕ್ಕೆ ನಿನ್ನ ಗೇಟಿನ ಮುಂದೆ ಇರುತ್ತಾಳೆ. ಈ ಕಾಗದ ಅವಳ ಕೈಯಲ್ಲೇ ಕೊಡುತ್ತೇನೆ, ಗೇಟಿನ ಸಂದಿಯಿಂದ ನೀಡುತ್ತಾಳೆ. ಅಲ್ಲೇ ನಿಂತು ಓದು.

ಅಳಿಯನಿಗೆ ಕೇಳಿದೆ ಅಂತ ಹೇಳು. ಅವನು ಕಳಿಸಿದ ನೂಲುಂಡೆಗಳಲ್ಲಿ ಇನ್ನೂ ಆರು ಉಳಿದಿವೆ. ನಾನು ಬೇಡ ಅಂದ ಹುಡುಗನೇ ನನ್ನ ಕಣ್ಣಿಗೆ ಕನ್ನಡಕ ಹಾಕಿಸಿದ. ನಿನ್ನ ಹೊಟ್ಟೆ ತಣ್ಣಗಿರಲಿ, ಮಂಡಿ ನನ್ನ ಹಾಗೆ ಆಗದಿರಲಿ, ನಿನ್ನ ಮನೆ ಬಾಗಿಲಿಗೆ ಬಂದವರು ನಗುತ್ತಾ ಒಳಗೆ ಬರುವ ಹಾಗಾಗಲಿ.

ನಿನ್ನ ಬಾಯಿಬಡುಕಿ
ಅಮ್ಮ

ಮರೆತದ್ದು: ಶನಿವಾರ ಬೆಳಿಗ್ಗೆ

ಮರೆತದ್ದು ಅಂತ ಬರೆದೆ. ಮರೆತಿರಲಿಲ್ಲ.

ಸೀಟಿನ ಪಕ್ಕ ಒಂದು ಟೂಲ್ ಬಾಕ್ಸ್ ಇದೆಯಲ್ಲ, ತುಕ್ಕು ಹಿಡಿದು ಮುಚ್ಚಿಕೊಂಡಿತ್ತು. ಇವತ್ತು ಗ್ರೀಸಪ್ಪ ತಟ್ಟಿ ತಟ್ಟಿ ತೆಗೆದ. ಎರಡು ಸ್ಪ್ಯಾನರು, ಒಂದು ಮೋಟು ಪೆನ್ಸಿಲ್ಲು. ಅದರ ಕೆಳಗೆ, ನಿಮ್ಮಪ್ಪ ಕರ್ಚೀಫು ಮಡಚುತ್ತಿದ್ದ ಹಾಗೆ ನಾಲ್ಕು ಮಡಿಕೆ ಮಾಡಿಟ್ಟ ಹಳದಿ ಚೂರು, ಬಿಳಿ ಚುಕ್ಕಿ. ಒಂದು ಅಂಚು ಹರಿದಿತ್ತು. "ಇದು ನಿಮ್ದು ಅನ್ಸುತ್ತೆ ಅಜ್ಜಿ" ಅಂತ ನನ್ನ ಕೈಗೆ ಕೊಟ್ಟು ಅವನು ಕೈ ತೊಳೆಯಲು ಹೋದ. ಬಹಳ ಹೊತ್ತು ತೊಳೆದ.

ಸೈಲೆನ್ಸರಿನಿಂದ ಬಂದ ಬಟ್ಟೆಗೆ ಇದನ್ನು ಹಿಡಿದು ನೋಡಿದೆ. ಹರಿದ ಅಂಚಿಗೆ ಹರಿದ ಅಂಚು ಕೂತಿತು.

ಇಲಿಗೆ ಸುಮ್ಮನೆ ಶಾಪ ಹಾಕಿದೆ ಮಗಳೇ. ಆ ಇಲಿ ನಾನು. ನಿನ್ನ ಮದುವೆಯ ದಿನ ಬೆಳಿಗ್ಗೆ ನಿಮ್ಮಪ್ಪ ಸ್ನಾನಕ್ಕೆ ಹೋದಾಗ, ಎತ್ತಿಟ್ಟಿದ್ದ ನಿನ್ನ ಫ್ರಾಕಿನ ಕೆಳಗಿನ ಸುತ್ತು ಕತ್ತರಿಸಿ, ಬಟ್ಟೆ ಅಳೆಯುವ ಗಜದ ಕೋಲಿನಿಂದ ಹದಿನೆಂಟನೇ ಗೆರೆಯವರೆಗೂ ಒಳಗೆ ತಳ್ಳಿದೆ. ನೂಲು ಸಿಕ್ಕಿಕೊಂಡರೆ ಹೊಲಿಗೆ ಯಂತ್ರ ನಿಲ್ಲುವುದು ಗೊತ್ತಿದ್ದವಳಿಗೆ ಅಷ್ಟು ಸಾಕಾಯಿತು. ಅಪ್ಪನ ಸೈನ್ ಇಲ್ಲದೆ ಮದುವೆ ಆಗುವುದೇ ಇಲ್ಲ ಅಂದುಕೊಂಡಿದ್ದೆ. ಯಾರ ಸೈನ್ ಆದರೂ ನಡೆಯುತ್ತದೆ ಅಂತ ನಾಲ್ಕನೇ ಕ್ಲಾಸಿನವಳಿಗೆ ಯಾರು ಹೇಳಬೇಕು? ಸಂಜೆ ನೀನು ಅಳುತ್ತಾ ಮನೆಗೆ ಬರುತ್ತೀ ಅಂತ ನಿನ್ನ ತಟ್ಟೆಯನ್ನೂ ಹಾಕಿಟ್ಟಿದ್ದೆ.

ಸಂಜೆ ಅವರೊಬ್ಬರೇ ಬಂದರು. ಹಿಂದಿನ ಚಕ್ರದ ಹತ್ತಿರ ಬಗ್ಗಿ ಏನೋ ಮಾಡುತ್ತಿದ್ದರು, ಕಿಟಕಿಯಿಂದ ನೋಡಿದೆ. ಆಮೇಲೆ ಗಾಡಿಯನ್ನು ತಳ್ಳಿಕೊಂಡು ಹೋಗಿ ಸಾಮಾನು ಕೋಣೆಯಲ್ಲಿಟ್ಟರು. "ಗ್ಯಾರೇಜಿಗೆ ತೋರಿಸಲ್ವಾ?" ಅಂದೆ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. "ಬೇಡ ಕಣೇ. ಅದನ್ನ ಯಾರೂ ಬಿಚ್ಚೋದು ಬೇಡ" ಅಂದರು. ಗಾಡಿಯ ಮೇಲಿನ ಸಿಟ್ಟು ಅಂದುಕೊಂಡೆ. ಇಪ್ಪತ್ತಮೂರು ವರ್ಷ ಹಾಗೇ ಅಂದುಕೊಂಡಿದ್ದೆ.

ಅವತ್ತೇ ಸೈಲೆನ್ಸರಿನಿಂದ ಈ ಚೂರು ಎಳೆದಿದ್ದರು, ಉಳಿದದ್ದು ಹರಿದು ಒಳಗೇ ಸಿಕ್ಕಿಕೊಂಡಿತ್ತು. ಬಿಚ್ಚಿದರೆ ನನ್ನ ಹೊಲಿಗೆ ಕಾಣುತ್ತಿತ್ತು. ನಿನಗೆ ಒಂದು ಮಾತು ಹೇಳಿದ್ದರೆ ಅವರು ಸುಳ್ಳುಗಾರರಾಗುತ್ತಿರಲಿಲ್ಲ. ಅಪ್ಪನ ಮೇಲೆ ಸಿಟ್ಟಾದರೂ ಹುಡುಗಿಗೆ ಅಮ್ಮ ಇರಲಿ ಅಂತ ಬಾಯಿ ಮುಚ್ಚಿಕೊಂಡರು. ನನಗೂ ಹೇಳಲಿಲ್ಲ. ಹನ್ನೆರಡು ವರ್ಷ ನನ್ನ ಕೈಯ ಊಟ ಉಂಡು, "ಉಪ್ಪು ಸರಿಯಾಗಿದೆ" ಅನ್ನುತ್ತಲೇ ಹೋದರು.

ಎರಡೂ ಚೂರು ಟೂಲ್ ಬಾಕ್ಸಿನಲ್ಲಿವೆ. ಸೇರಿಸಿ ಹೊಲಿಯಬಹುದಿತ್ತು, ಸೂಜಿಗೆ ನೂಲೂ ಪೋಣಿಸಿದ್ದೆ. ಹೊಲಿಯಲಿಲ್ಲ. ಹಾಗೇ ನೋಡು.

ಇನ್ನು ಭಾನುವಾರ ನನಗೆ ಫೋನ್ ಮಾಡುವುದು ಬಿಡುವುದು ನಿನಗೆ ಬಿಟ್ಟದ್ದು. ನನಗೆ ಬಾಗಿಲು ತೆಗೆ ಅಂತ ಕೇಳುವ ಮುಖ ನನಗಿಲ್ಲ. ಆದರೆ ಕಾಗದದಿಂದ ಈಗ ತಲೆಯೆತ್ತಿ ಗೇಟಿನ ಆಚೆ ನೋಡು. ನೀಲಿ ಕಾಣುತ್ತಿದೆಯಲ್ಲ? ಹನ್ನೊಂದಕ್ಕೆ ಬರ್ತೀನಿ ಅಂದಿದ್ದರು ನಿಮ್ಮಪ್ಪ. ಬಂದಿದ್ದಾರೆ.