ಗಾಡಿ ಬಾಗಿಲಿಗೇ ಬರಲಿ

ಅಖಿಲಾ,

ನಿನ್ನ ಮದುವೆಯಾಗುವ ತನಕ ತನ್ನ ಕ್ಯಾನ್ಸರ್ ಸುದ್ದಿ ಓಣಿಯಲ್ಲಿ ಯಾರಿಗೂ ತಿಳಿಯಬಾರದೆಂದು ನಿಮ್ಮವ್ವ ರೋಗ ಗೊತ್ತಾದ ದಿನವೇ ಬೀರಪ್ಪ ದೇವರ ಅರಿಶಿನ ಭಂಡಾರ ಮುಟ್ಟಿಸಿ ನನ್ನಿಂದ ಮಾತು ತಗೊಂಡಿದ್ದಳು. “ರಕ್ತದಾಗ ಐತಿ ಅಂತಾರ, ಹೆಣ್ಣು ಕೇಳಾಕ ಯಾರೂ ಬರಂಗಿಲ್ಲ” ಅಂದಿದ್ದಳು.

ಅದಕ್ಕೇ ಮನೆಗೆ ಬಂದು ಆರೈಕೆ ಮಾಡುವ ಸುನಿತಾ ಸಿಸ್ಟರ್ ಇಷ್ಟು ದಿನ ಗಾಡಿಯನ್ನು ಗುಡಿಯ ಹತ್ತಿರವೇ ಬಿಟ್ಟು, ಔಷಧಿಯನ್ನು ಸೀರೆ ಗಂಟಿನಲ್ಲಿ ಕಟ್ಟಿಕೊಂಡು, ನಾರಾಯಣಪೇಟೆ ಸೀರೆ ಮಾರುವವರ ಹಾಗೆ ನಡೆದು ಬಂದರು. “ವಾರವಾರ ಸೀರೆ ತರಸ್ತೀರಿ, ಉಟ್ಟದ್ದೊಂದೂ ಕಾಣಂಗಿಲ್ಲಲ್ರೀ” ಅಂತ ಎದುರುಮನೆ ಪೆಂಟಮ್ಮ ಚುಚ್ಚಿದರೂ ಗುಟ್ಟು ಬಿಟ್ಟುಕೊಡಲಿಲ್ಲ.

ನಿನ್ನೆ ನಿನ್ನ ಕೈಜಾರಿ ಅವ್ವ ಮಂಚದಿಂದ ಬಿದ್ದದ್ದು ನಿನ್ನ ತಪ್ಪಲ್ಲ. ಅವಳನ್ನು ಮಗ್ಗಲು ಹೊರಳಿಸುವುದು ಒಬ್ಬಳಿಂದ ಆಗುವ ಕೆಲಸವಲ್ಲ.

ಕುರಿ ಮಾರಲು ಗದ್ವಾಲ ಸಂತೆಗೆ ಹೊರಟಿದ್ದೇನೆ. ಸಿಸ್ಟರ್ ಗಾಡಿ ಬಾಗಿಲಿಗೇ ಬರುತ್ತದೆ, ನಾಚಬೇಡ. ಮಲಗಿ ಮಲಗಿ ಬೆನ್ನಿಗಾದ ಗಾಯ ತೊಳೆಯುವಾಗ ಅವ್ವನನ್ನು ಹಿಡಿಯಲು ಪೆಂಟಮ್ಮ ಬರುತ್ತಾಳೆ. ನೋವಿನ ಔಷಧಿ ತಪ್ಪಿಸಬೇಡ. ಅವ್ವ ಬೇಡವೆಂದರೂ ಕೊಡು. ನೀನೂ ಉಣ್ಣು, “ಹಸಿವಿಲ್ಲಪ್ಪಾ” ಅನ್ನುವ ಆಟ ಸಾಕು.

ಪೆಂಟಮ್ಮ ಯಾಕೆ ಬಂದಳೆಂದು ಅವ್ವ ಕೇಳಿದರೆ ಸುಳ್ಳು ಹೇಳಬೇಡ. ನಿನ್ನೆ ಸಂಜೆ ನಾನೇ ಪೆಂಟಮ್ಮನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ.

ಕೊಟ್ಟ ಮಾತು ಮುರಿದೆ.