ಓಕ್ ಮರದ ಭಾರ

ಜೂನ್ 9
ಇವತ್ತೂ ಟ್ರೈಲರ್ ಒಳಗೇ — ಪ್ರತಿ ಬೇಸಿಗೆ ಅಪ್ಪ ಪಿಕಪ್‌ಗೆ ಕಟ್ಟಿ ಸರೋವರದ ದಡಕ್ಕೆ ಎಳೆದೊಯ್ಯುತ್ತಿದ್ದ ಚಕ್ರದ ಮನೆ. ಗುಡಿಸಿದ್ದು ಕಡಿಮೆ, ಸುಮ್ಮನೆ ಕೂತದ್ದು ಹೆಚ್ಚು. ಅಪ್ಪ ಪ್ರತಿ ಚಳಿಗಾಲವೂ ಇದರೊಳಗೆ ಅಮ್ಮನಿಗಾಗಿ ಓಕ್ ಮರದಲ್ಲಿ ಏನಾದರೊಂದು ಮಾಡುತ್ತಿದ್ದರು. ಕಪಾಟು, ಮೇಜು, ಮಂಚ, ಕೊನೆಗೆ ನೆಲ. ಬಾಗಿಲು ತೆರೆದರೆ ಈಗಲೂ ಅದೇ ವಾಸನೆ — ವಾರ್ನಿಷ್, ಕಾಫಿ, ಸರೋವರದ ನೀರು.

ಅಪ್ಪ ತೀರಿಹೋಗಿ ಆರು ತಿಂಗಳು, ಅಮ್ಮ ಅದಕ್ಕೂ ಮೊದಲೇ. ಹೊಲ ಮಾರಿಯಾಗಿದೆ, ಈ ತಿಂಗಳ ಮೂವತ್ತರೊಳಗೆ ಅಂಗಳ ಖಾಲಿಯಾಗಬೇಕು. ಅಷ್ಟರಲ್ಲಿ ನಾನು ಇದನ್ನು ಸರೋವರಕ್ಕೆ ಎಳೆದೊಯ್ಯದಿದ್ದರೆ ಅಣ್ಣ ಓರೆಸ್ಟ್ ಜಿಂಕೆ ಬೇಟೆಯವರಿಗೆ ಮಾರುತ್ತಾನೆ.

ಜೂನ್ 10
ಹಳೆಯ ಬ್ರೋಷರ್ ಸಿಕ್ಕಿತು. ಟ್ರೈಲರ್ 3,900 ಪೌಂಡ್. ನನ್ನ ಪಿಕಪ್ ಎಳೆಯಬಲ್ಲದ್ದು 5,000. ಓರೆಸ್ಟ್‌ಗೆ ಹೆಮ್ಮೆಯಿಂದ ಫೋನ್ ಮಾಡಿದೆ.

"ಅದು ಫ್ಯಾಕ್ಟರಿಯಿಂದ ಹೊರಬಿದ್ದ ದಿನದ ತೂಕ ಕಣೇ. ನೀನು ಮದುವೆ ದಿನದ ತೂಕ ಹೇಳ್ಕೊಂಡು ತಿರುಗಿದ ಹಾಗೆ."

"ನಿನ್ನದನ್ನ ಹೇಳ್ಲಾ?"

"ಬೇಡ ಬೇಡ. ಗೋದಾಮಿಗೆ ಬಾ, ತೂಗೋಣ."

ಜೂನ್ 14
ಊರಿನ ಗೋಧಿ ಗೋದಾಮು. ಲಾರಿ ತೂಗುವ ಕಟ್ಟೆ. ಸುಗ್ಗಿ ದೂರ, ಸಾಲಿಲ್ಲ. ಓರೆಸ್ಟ್ ತನ್ನ ದೊಡ್ಡ ಟ್ರಕ್ಕಿನಲ್ಲಿ ಎಳೆದು ತಂದು ಟ್ರೈಲರನ್ನು ಕಟ್ಟೆಯ ಮೇಲೆ ಬಿಟ್ಟ. ತೂಗುವ ವೆಂಡೆಲ್ ಕಿಟಕಿಯಿಂದ ಇಣುಕಿದ. "ಇದ್ಯಾವ ಬೆಳೆನಮ್ಮಾ? ಚೆನ್ನಾಗಿ ಒಣಗಿದ್ಯಾ?"

5,420. ನೀರಿಲ್ಲ, ಪಾತ್ರೆಯಿಲ್ಲ, ಹಾಸಿಗೆಯಿಲ್ಲ — ಬರೀ ಓಕ್.

ವೆಂಡೆಲ್‌ನ ನಗು ನಿಂತಿತು. "ಎಳೆಯೋ ಮಾತು ಬಿಡಿ. ಇಳಿಜಾರಲ್ಲಿ ಇದೇ ನಿಮ್ಮನ್ನ ತಳ್ಕೊಂಡು ಹೋಗುತ್ತೆ."

ಅಪ್ಪನ ಪಿಕಪ್ ನನ್ನದಕ್ಕಿಂತ ಬಲವಾದದ್ದೇನಲ್ಲ. ಹಾಗಾದರೆ ಅವರು ಹೇಗೆ...

ಜೂನ್ 15
ಇಡೀ ದಿನ ಆ ಇಳಿಜಾರೇ ಕಣ್ಣಮುಂದೆ. ಬಯಲು ಮುಗಿದು ರಸ್ತೆ ತಟ್ಟನೆ ಕಣಿವೆಗೆ ಬೀಳುವ ಜಾಗ. ಪ್ರತಿ ವರ್ಷವೂ ಅಪ್ಪ ಅಲ್ಲಿ ನಿಲ್ಲಿಸುತ್ತಿದ್ದರು. "ಇಳೀರಿ ಎಲ್ರೂ. ಕಾಲಾಡಿಸ್ಕೊಂಡು ಬನ್ನಿ." ಅಮ್ಮ, ಓರೆಸ್ಟ್, ನಾನು ಕಾಲುದಾರಿಯಲ್ಲಿ. ಕಾಡುಗುಲಾಬಿ. ಅಮ್ಮನ ಹಾಡು, ನಮ್ಮ ಹಿರಿಯರ ಉಕ್ರೇನಿ ಭಾಷೆಯದು, ಗಂಟಲು ಬಿರಿಯುವಷ್ಟು ಜೋರಾಗಿ. ಕೆಳಗೆ ಸೇತುವೆಯ ಬಳಿ ಅಪ್ಪ ಬಾನೆಟ್‌ಗೆ ಒರಗಿ ಕಾಯುತ್ತಿದ್ದರು, ಅಂಗಿ ಬೆನ್ನಿಗೆ ಅಂಟಿ. ಸೆಕೆ ಎಂದುಕೊಂಡಿದ್ದೆ. ನನ್ನ ಬಾಲ್ಯದ ಅತ್ಯಂತ ಸುಖದ ನಡಿಗೆ ಅದು.

ಸಂಜೆ ಓರೆಸ್ಟ್‌ನನ್ನು ಕೇಳಿದೆ, ಅಪ್ಪ ನಮ್ಮನ್ನು ಅಲ್ಲಿ ಯಾಕೆ ಇಳಿಸುತ್ತಿದ್ದರು ಅಂತ.

"ನಿಂಗೆ ಗೊತ್ತೇ ಇರ್ಲಿಲ್ವಾ? ಬ್ರೇಕ್ ಹಿಡೀದಿದ್ರೆ ತಾನೊಬ್ಬನೇ ಸಾಯ್ಲಿ ಅಂತ."

"ಅಮ್ಮನಿಗೆ?"

"ಗೊತ್ತಿತ್ತು. ಅಪ್ಪನ ಪಿಕಪ್ ಸದ್ದು ನಮಗೆ ಕೇಳ್ಬಾರ್ದು ಅಂತ್ಲೇ ಅಷ್ಟು ಜೋರಾಗಿ ಹಾಡ್ತಿದ್ಲು."

"ಮತ್ತೆ ಓಕ್ ಯಾಕೆ ಹೇರ್ತಾನೇ ಇದ್ರು?"

"ಅಮ್ಮನ್ಗೆ ಮಂಚ ಮಾಡ್ಕೊಡಲ್ಲ ಅಂತ ನೀನಾಗಿದ್ರೆ ಹೇಳ್ತಿದ್ಯಾ?"

ಜೂನ್ 27
ಇಷ್ಟು ದಿನ ಕೈಯಲ್ಲಿ ಸ್ಕ್ರೂಡ್ರೈವರ್, ಪೆನ್ನಲ್ಲ. ಮಗಳು ಡಾರ್ಕಾ ಕಾಲೇಜಿನಿಂದ ಬಂದು ಸೇರಿಕೊಂಡಳು. ಕಪಾಟು, ಮಂಚ, ನೆಲ ಎಲ್ಲ ಬಿಚ್ಚಿದೆವು. ಓರೆಸ್ಟ್ ಗೊಣಗುತ್ತಲೇ ತನ್ನ ಟ್ರಕ್ಕಿಗೆ ತುಂಬಿಕೊಂಡ. ಸರೋವರದ ದಡದಲ್ಲಿ ಮತ್ತೆ ಜೋಡಿಸುವುದು. ಇನ್ನು ಟ್ರೈಲರ್ ಅಲ್ಲಿಂದ ಕದಲುವುದಿಲ್ಲ.

ಗೋಡೆಯಲ್ಲಿ ಕಪಾಟುಗಳಿದ್ದ ಕಡೆ ಮಾತ್ರ ಬಣ್ಣ ಹೊಸದಾಗಿಯೇ ಉಳಿದಿದೆ. ಅತ್ತ ನೋಡಲಾಗಲಿಲ್ಲ.

ಕಟ್ಟೆಯ ಮೇಲೆ 4,150. "ಈಗ ಧೈರ್ಯವಾಗಿ ಹೋಗಿ," ಎಂದ ವೆಂಡೆಲ್.

ಜೂನ್ 29, ಬೆಳಿಗ್ಗೆ 11
ಕಣಿವೆಯ ಅಂಚು. ನಿಲ್ಲಿಸಿದ್ದೇನೆ. ಓರೆಸ್ಟ್ ಮುಂದೆ ಹೋಗಿಯಾಯಿತು. ಬ್ರೇಕ್ ಸರಿ, ತೂಕ ಸರಿ.

"ಇಳಿ ಡಾರ್ಕಾ. ಕಾಲಾಡಿಸ್ಕೊಂಡು ಬಾ."

"ಯಾಕಮ್ಮಾ? ತೂಕ ಸರಿ ಇದೆ ಅಂತ ನೀನೇ ಹೇಳ್ದೆ."

"ಸರಿ ಇದೆ. ಇಳಿ."

ನನ್ನ ಮುಖ ನೋಡಿದಳು. ಇಳಿದಳು. ಕಾಲುದಾರಿ ಇನ್ನೂ ಇದೆ. ಗುಲಾಬಿ ಪೊದೆಗಳ ನಡುವೆ ಅವಳ ಕೆಂಪು ಟೋಪಿ ಕಂಡು ಮರೆಯಾಗುತ್ತಿದೆ. ನನ್ನ ಅಂಗೈ ಬೆವರಿದೆ. ಅವಳ ಜೊತೆ ಹಾಡುವವರು ಯಾರೂ ಇಲ್ಲ. ಕಿಟಕಿಯ ಗಾಜು ಪೂರ್ತಿ ಇಳಿಸಿದ್ದೇನೆ. ಅಮ್ಮನ ಹಾಡಿನ ಮೊದಲ ಸಾಲು ನೆನಪಿದೆ, ಎರಡನೆಯದು —